ಟ್ರ್ಯಾಕ್ಟರಿಗೂ ಸೋಮವಾರ

ತಡವಾಗಿ ಓದಿದೋರ ಜೊತೆ ಬಾಳೋದು ಕಷ್ಟ ಕಣ್ರೀ. ಚಿಕ್ಕ ವಯಸ್ಸಲ್ಲಿ ಓದಿದೋರು ಓದಿದ್ದನ್ನ ಮರ್ತು ಹಾಯಾಗಿರ್ತಾರೆ. ನನ್ನಂಗೆ ನಲವತ್ತು ದಾಟಿದ್ಮೇಲೆ ದೊಡ್ಡಬಳ್ಳಾಪುರದ ಸಂಜೆ ಕಾಲೇಜಿಗೆ ಹೋಗಿ ಡಿಗ್ರಿ ಮಾಡಿದೋರು, ಅದನ್ನ ಯಾರ ಮೇಲಾದ್ರೂ ಪ್ರಯೋಗಿಸೋವರ್ಗೂ ಸುಮ್ನಿರಲ್ಲ. ಭಾಮೈದನ ಮಗಳ ನಾಮಕರಣದಲ್ಲಿ ಪಕ್ಕದ ಎಲೆಯೋರ್ಗೆ ಮೂಲಭೂತ ಹಕ್ಕು ವಿವರಿಸ್ತಾ ಕೂತು ಪಾಯಸ ತಪ್ಪಿಸ್ಕೊಂಡೋನು ನಾನು.

ನಮ್ಮ ದೊಡ್ಡಬೆಳವಂಗಲದ ಕಡೆ ಸೋಮವಾರ ಬಸವಣ್ಣನ ದಿನ. ಎತ್ತಿನ ಹೆಗಲಿಗೆ ನೊಗ ಇಡಂಗಿಲ್ಲ. ಈಗ ಊರಲ್ಲಿ ಎತ್ತುಗಳೇ ಇಲ್ಲ, ಆದ್ರೆ ರಜ ಉಳ್ಕೊಂಡಿದೆ. ಅದು ಟ್ರ್ಯಾಕ್ಟರಿಗೆ ಹೋಗಿದೆ. ನಮ್ಮ ಏಳು ಮನೆಯೋರ ಗುಂಪಿಗೆ ಸಬ್ಸಿಡಿಲಿ ಬಂದ ಒಂದು ಟ್ರ್ಯಾಕ್ಟರ್ ಇದೆ, ದಿನಕ್ಕೊಂದು ಮನೆ ಸರದಿ. ಸೋಮವಾರ ಮಾತ್ರ ಅದು ಬಾನೆಟ್ಟಿಗೆ ವಿಭೂತಿ ಹಚ್ಕೊಂಡು ಹುಣಸೆಮರದ ಕೆಳಗೆ ನಿಂತಿರುತ್ತೆ.

ಈ ಸಲ ರಾಗಿ ಬಿತ್ತೋಕೆ ಒಳ್ಳೆ ಹದ ಬಂತು. ಭಾನುವಾರದ ಸರದಿ ಮುಗಿದ್ರೆ ಮುಂದಿನೋನು ನಾನು. ಆದ್ರೆ ಮಧ್ಯ ಸೋಮವಾರ. ಬಿಸಿಲು ಬೇರೆ ಹೆಂಗೆ ಕಾಯ್ತಿತ್ತು ಅಂದ್ರೆ, ನನ್ನ ಕೆಮ್ಮಣ್ಣಿನ ಹೊಲ ಮಂಗಳವಾರದವರ್ಗೂ ತೇವ ಹಿಡ್ಕೊಳ್ಳೋದು ಅನುಮಾನ. ಭಾನುವಾರ ಸಂಜೆ ಗುಂಪಿನ ಸಭೆ ಸೇರಿಸ್ದೆ.

"ಸಂವಿಧಾನದ ಇಪ್ಪತ್ತೈದನೇ ವಿಧಿ ಏನ್ ಹೇಳುತ್ತೆ ಗೊತ್ತಾ? ಎಲ್ರಿಗೂ ಆತ್ಮಸಾಕ್ಷಿಯ ಸ್ವಾತಂತ್ರ್ಯ ಇದೆ. ನಿಮ್ಮ ಸೋಮವಾರ ನಿಮ್ಮ ಹೊಲದಲ್ಲಿ ಇಟ್ಕೊಳಿ. ಟ್ರ್ಯಾಕ್ಟರಿಗೆ ಸರ್ಕಾರದ ದುಡ್ಡು ಸೇರಿದೆ. ಅದು ಸಾರ್ವಜನಿಕ. ಅದಕ್ಕೆ ಧರ್ಮ ಇಲ್ಲ."

ಗುಂಪಿನ ಹಿರೀಕ ಮುನಿಯಪ್ಪಣ್ಣ ಎಲೆಅಡಿಕೆ ಉಗಿದು ಬಂದು ಕೂತ. "ಎತ್ತಿನ ಕೆಲ್ಸ ಮಾಡಿಸ್ಕೊಂಡ್ಮೇಲೆ ಎತ್ತಿನ ರಜ ಕೊಡಬೇಕಲ್ವೇನಪ್ಪಾ?"

"ಹಂಗಾದ್ರೆ ಹುಲ್ಲೂ ಹಾಕಿ."

ಎಲ್ಲಾ ನಕ್ರು. ನನಗೆ ಹುಮ್ಮಸ್ಸು ಬಂತು.

"ಡ್ರೈವರ್ ಇಮ್ರಾನ್ ಶುಕ್ರವಾರ ಮಧ್ಯಾಹ್ನ ನಮಾಜಿಗೆ ಹೋಗ್ತಾನಲ್ಲ, ಅದೋ?" ಅಂದ ಮುನಿಯಪ್ಪಣ್ಣ.

"ಅದು ಮನುಷ್ಯನ ರಜ. ಇಮ್ರಾನ್‌ಗೆ ಆತ್ಮಸಾಕ್ಷಿ ಇದೆ, ಇಂಜಿನ್ನಿಗೆ ಇಲ್ಲ."

"ಅಣ್ಣಾ, ನನ್ನ ಬಿಟ್ಬಿಡಿ. ಡೀಸೆಲ್ ತರೋಕೆ ಹೋಗ್ತೀನಿ," ಅಂತ ಇಮ್ರಾನ್ ಎದ್ದೇಬಿಟ್ಟ.

ಕೊನೆಗೆ ಮುನಿಯಪ್ಪಣ್ಣ ಟವಲ್ ಕೊಡವಿದ. "ಆಯ್ತು ಕಣಪ್ಪ, ಓದಿರೋನು ನೀನು. ಇನ್ಮೇಲೆ ಸೋಮವಾರ ರಜ ಇಲ್ಲ. ನಾಳೆ ನಿನ್ನ ಸರದಿ. ಯಾರೂ ಅಡ್ಡ ಬರಲ್ಲ."

ಬರ್ಲೂ ಇಲ್ಲ. ಅದೇ ಆಗಿದ್ದು ತೊಂದರೆ. ಸೋಮವಾರ ಬೆಳಿಗ್ಗೆ ಹೊಲದ ಬದುವಿನಲ್ಲಿ ನಿಂತು ಆ ಕಡೆ ಈ ಕಡೆ ನೋಡ್ದೆ. ಒಬ್ಬರಾದ್ರೂ ತಕರಾರು ತೆಗೆದಿದ್ರೆ ಹಟಕ್ಕಾದ್ರೂ ಉಳುಮೆ ಮಾಡಿಸ್ಬಿಡ್ತಿದ್ದೆ. ಒಂದು ನರಪಿಳ್ಳೆ ಇಲ್ಲ. ನನ್ನ ಹೆಂಡ್ತಿ ರತ್ನ ಕೂಡ ಬುತ್ತಿ ಕೆಳಗಿಟ್ಟು, "ನಿನ್ನಿಷ್ಟ ಕಣಪ್ಪ" ಅಂದು ಹೋದ್ಲು.

ಅಪ್ಪ ಸೋಮವಾರ ಸೋಮವಾರ ಎತ್ತುಗಳ ಮೈ ತೊಳೆದು, ಬೆಲ್ಲ ತಿನ್ಸಿ, ಅವುಗಳ ಹೆಗಲು ಉಜ್ತಾ ಕೂರ್ತಿದ್ದ. ಆ ಹೊತ್ತಲ್ಲೇ ಯಾಕೆ ನೆನಪಾಗ್ಬೇಕಿತ್ತೋ.

"ರೋಟವೇಟರ್ ಇಳಿಸ್ಲಾ ಅಣ್ಣ?" ಅಂದ ಇಮ್ರಾನ್.

"ಸ್ವಲ್ಪ ತಡಿ."

"ಯಾರಿಗೆ ಕಾಯ್ತಿದೀರ?"

ಏನಂತ ಹೇಳ್ಲಿ? ಊರಿನೋರ ಆತ್ಮಸಾಕ್ಷಿಯೆಲ್ಲಾ ವಿಚಾರಿಸಿದ್ದೆ, ನನ್ನದನ್ನ ಕೇಳೋದೇ ಮರ್ತಿದ್ದೆ. ಬಿಸಿಲೇರೋವರ್ಗೂ ನಿಂತಿದ್ದು ಗಾಡಿ ವಾಪಸ್ ಕಳ್ಸಿದೆ. ಹೋಗಿ ಹುಣಸೆಮರದ ಕೆಳಗೇ ನಿಂತ್ಕೊಂಡ್ತು.

ಮಂಗಳವಾರ ಬೆಳಿಗ್ಗೆ ಕೇಳೋಕೆ ಹೋದ್ರೆ ಅದು ಮುನಿಯಪ್ಪಣ್ಣನ ಹೊಲದಲ್ಲಿ ಓಡ್ತಿತ್ತು. "ನಿನ್ನ ಸರದಿ ನೆನ್ನೆಗೆ ಆಯ್ತಲ್ಲಪ್ಪ. ಹಳೇ ಪದ್ಧತಿ ಇದ್ದಿದ್ರೆ ಇವತ್ತು ನಿಂಗೇ ಬರ್ತಿತ್ತು," ಅಂದ. ಕೊಂಕಿಲ್ಲದೇನೇ ಅಂದ, ಅದಕ್ಕೇ ಜಾಸ್ತಿ ಉರೀತು.

ಮನೆಗೆ ಬಂದು ಬೆರಳು ಮಡಚಿ ಲೆಕ್ಕ ಹಾಕ್ದೆ. ಏಳು ಮನೆ. ವಾರದಲ್ಲಿ ಏಳು ದಿನ, ನನ್ನ ಭಾಷಣದ ದಯೆಯಿಂದ ಮಧ್ಯ ರಜ ಇಲ್ಲ. ನನ್ನ ಮುಂದಿನ ಸರದಿ ಸೋಮವಾರ. ಅದರ ಮುಂದಿನದೂ ಸೋಮವಾರವೇ.

"ಇನ್ನೊಂದು ಸಭೆ ಸೇರ್ಸು, ಧಾರ್ಮಿಕ ಸ್ವಾತಂತ್ರ್ಯ ಅಂತ ಹೇಳಿ ರಜ ವಾಪಸ್ ಕೇಳು," ಅಂತಾಳೆ ರತ್ನ.

ಕೇಳ್ಬೋದು. ವಿಧಿ ಅದೇ ಇಪ್ಪತ್ತೈದು. ಯಾವ ಮುಖ ಹೊತ್ಕೊಂಡು ಹೋಗ್ಲಿ ಅನ್ನೋದನ್ನ ಮಾತ್ರ ಸಂಜೆ ಕಾಲೇಜಲ್ಲಿ ಹೇಳ್ಕೊಟ್ಟಿಲ್ಲ.