ರಜೆಯಲ್ಲಿದ್ದ ಮುಖ್ಯಸ್ಥೆಯ ನಿರಾಕ್ಷೇಪಣಾ ಪತ್ರ

ಬಸವೇಶ್ವರನಗರ, ಸೆಪ್ಟೆಂಬರ್ ೨೦೦೮

ಕೆಂಗೇರಿಯ ವಿಶ್ವವಿಜೇತ ವಿದ್ಯಾಸಮೂಹದ ಅಧ್ಯಕ್ಷರಾದ ಶ್ರೀ ಉಗ್ರಪ್ಪನವರಿಗೆ,

ಮಾನ್ಯರೇ,

ತಮಗೂ ತಮ್ಮ ಜಾಲತಾಣಕ್ಕೂ ಅನಂತ ನಮಸ್ಕಾರಗಳು. ಮೈಸೂರು ರಸ್ತೆಯ ಧೂಳಿನಲ್ಲಿ, ಪ್ಲೈವುಡ್ ಅಂಗಡಿಯ ಮೇಲಿನ ಎರಡು ಮಹಡಿಗಳಲ್ಲಿ ನಡೆಯುವ ತಮ್ಮ ಕಾಲೇಜಿನ ಹಿಂದೆ ಹಿಮಪರ್ವತವೊಂದಿದೆ ಎಂಬುದು ಆ ತಾಣವನ್ನು ನೋಡುವವರೆಗೆ ನನಗೆ ತಿಳಿದಿರಲಿಲ್ಲ. ಹುಲ್ಲುಹಾಸಿನ ಮೇಲೆ ಹೊಂಗೂದಲಿನ ವಿದ್ಯಾರ್ಥಿಗಳು ನಗುತ್ತಿದ್ದಾರೆ. ನಾನು ಬಂದ ದಿನ ಅವರೆಲ್ಲ ಊಟಕ್ಕೆ ಹೋಗಿದ್ದರೆಂದು ಭಾವಿಸುತ್ತೇನೆ. ಗ್ರಂಥಾಲಯದ ಪುಟದಲ್ಲಿ ಮಾತ್ರ ಕಾರ್ಟೂನ್ ಕೂಲಿಯವನೊಬ್ಬ 'ಕಾಮಗಾರಿ ಪ್ರಗತಿಯಲ್ಲಿದೆ' ಎಂಬ ಫಲಕದಡಿ ಬಿಡುವಿಲ್ಲದೆ ಅಗೆಯುತ್ತಿದ್ದಾನೆ. ನಾನು ಕಣ್ಣಾರೆ ಕಂಡದ್ದಕ್ಕೆ ಹೊಂದುವ ಚಿತ್ರ ಅದೊಂದೇ.

ನಾನು ಬಂದದ್ದು ಕಳೆದ ಬೇಸಿಗೆಯಲ್ಲಿ, ಕನ್ನಡ ಉಪನ್ಯಾಸಕಿಯ ಸಂದರ್ಶನಕ್ಕೆ. ತಾವು ಕಾಫಿ ಕೊಡಿಸಿದಿರಿ, ಕಡತಕ್ಕೆಂದು ಫೋಟೋ ತೆಗೆಸಿದಿರಿ, ಎಂ.ಎ. ಕನ್ನಡ ಇನ್ನೂ ಆರಂಭವಾಗಿಲ್ಲ, ಆದಾಗ ತಿಳಿಸುತ್ತೇವೆ ಎಂದಿರಿ. ತಿಳಿಸಿದ್ದು ನನಗಲ್ಲ, ಲೋಕಕ್ಕೆ. ತಮ್ಮ ತಾಣದಲ್ಲಿ ಆ ಫೋಟೋದ ಕೆಳಗೆ ಈಗ 'ಡಾ. ಕಲಾವತಿ, ಮುಖ್ಯಸ್ಥರು, ಕನ್ನಡ ಸ್ನಾತಕೋತ್ತರ ವಿಭಾಗ' ಎಂದಿದೆ. ಕವಿತೆ ಓದುತ್ತ ಕೂತು ನಾನು ಅರ್ಧಕ್ಕೇ ಬಿಟ್ಟ ಸಂಶೋಧನೆಗೆ ತಾವು ಡಾಕ್ಟರೇಟ್ ಕೊಟ್ಟಿದ್ದೀರಿ. ಮಾರ್ಗದರ್ಶಕರು ಯಾರೆಂದು ತಿಳಿಸಿದರೆ ಅವರಿಗೂ ಒಂದು ವಂದನೆ ಸಲ್ಲಿಸುವೆ.

ಇದು ನಕ್ಕು ಮರೆಯುವ ಮಾತಾಗಿರುತ್ತಿತ್ತು. ಆದರೆ ಕಾಮಾಕ್ಷಿಪಾಳ್ಯದ ರಮ್ಯಶ್ರೀ, ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುವ ಮುನಿತಾಯಮ್ಮನವರ ಮಗಳು, ನನ್ನಿಂದ ಪುಸ್ತಕ ಒಯ್ದು ಓದುವ ಹುಡುಗಿ, ಸೈಬರ್ ಸೆಂಟರಿನಲ್ಲಿ ಆ ಪುಟ ನೋಡಿ, ಮೊದಲ ದಿನ ತರಗತಿಯಲ್ಲೇ ನನ್ನನ್ನು ಚಕಿತಗೊಳಿಸಬೇಕೆಂದು ಹೇಳದೆ ಕೇಳದೆ ತಮ್ಮಲ್ಲಿ ಎಂ.ಎ.ಗೆ ಸೇರಿಬಿಟ್ಟಳು. ಆ ಮೊದಲ ದಿನ ಇನ್ನೂ ಬಂದಿಲ್ಲ. ಬೇರೊಂದು ಕಾಲೇಜಿನಲ್ಲಿ ಅವಳಿಗೆ ಈಗ ಸೀಟು ಸಿಕ್ಕಿದೆ. ಶುಕ್ರವಾರದೊಳಗೆ ಮೂಲ ಅಂಕಪಟ್ಟಿಗಳನ್ನು ಒಪ್ಪಿಸದಿದ್ದರೆ ಆ ಸೀಟೂ ಇಲ್ಲ, ಈ ವರ್ಷವೂ ಇಲ್ಲ. ಸೇರುವಾಗ ಒಪ್ಪಿಸಿದ ಆ ಅಂಕಪಟ್ಟಿಗಳು ತಮ್ಮ ಕಪಾಟಿನಲ್ಲಿವೆ. ಕೇಳಲು ಹೋದವಳಿಗೆ ಗುಮಾಸ್ತ ಗೋಪೀನಾಥರು ಕಂಪ್ಯೂಟರಿನ ಪರದೆ ತಿರುಗಿಸಿ ನನ್ನ ಫೋಟೋ ತೋರಿಸಿದರಂತೆ. "ಹೆಚ್‌ಓಡಿ ಸೈನ್ ಇಲ್ದೆ ಮಾರ್ಕ್ಸ್ ಕಾರ್ಡ್ ಕೊಡಕ್ಕಾಗಲ್ಲಮ್ಮ. ಮೇಡಮ್ಮು ಲೀವಲ್ಲಿದಾರೆ, ಬಂದ್ಮೇಲೆ ಬಾ."

ಅವಳು ನೇರ ನನ್ನ ಮನೆಗೆ ಬಂದಳು. "ಆಂಟಿ, ನೀವು ಲೀವಲ್ಲಿದೀರಂತೆ," ಅಂದಳು. ನಗಲು ಹೊರಟವಳು ಅತ್ತಳು.

ಆದ್ದರಿಂದ, ಮಾನ್ಯರೇ, ನಾನು ರಜೆ ಮುಗಿಸಿದ್ದೇನೆ. ತಾವೇ ದಯಪಾಲಿಸಿದ ಅಧಿಕಾರದಿಂದ, ರಮ್ಯಶ್ರೀಯನ್ನು ಬಿಟ್ಟುಕೊಡಲು ವಿಭಾಗದ ಆಕ್ಷೇಪಣೆ ಏನೂ ಇಲ್ಲವೆಂದು ಈ ಪತ್ರದಲ್ಲೇ ಸಹಿ ಮಾಡುತ್ತಿದ್ದೇನೆ. ವಿಭಾಗದ ಕೊಠಡಿ ಎಲ್ಲಿದೆಯೆಂದು ತಿಳಿಸಿದರೆ ಮೊಹರನ್ನೂ ಹುಡುಕಿ ಒತ್ತುವೆ. ಅವಳು ತಮ್ಮಲ್ಲೇ ಕಲಿಯಬೇಕೆಂದು ತಮಗೆ ಹಟವಿದ್ದರೆ, ಅವಳದೂ ಒಂದು ಫೋಟೋ ತೆಗೆಸಿ ನನ್ನ ಫೋಟೋದ ಎದುರು ಕೂರಿಸಿ; ಪಾಠ ಅಲ್ಲೇ ನಡೆಯಲಿ, ಫಲಿತಾಂಶವೂ ಅಲ್ಲೇ ಪ್ರಕಟವಾಗಲಿ. ಅಂಕಪಟ್ಟಿಗಳನ್ನು ಮಾತ್ರ ಕೊಟ್ಟುಬಿಡಿ. ನನ್ನ ಸಹಿ ನಡೆಯುವುದಿಲ್ಲವೆಂದಾದರೆ, ನಾನು ಮುಖ್ಯಸ್ಥೆಯಲ್ಲ, ಅಂಥ ವಿಭಾಗವೂ ಇಲ್ಲ ಎಂದು ತಮ್ಮ ಲೆಟರ್‌ಹೆಡ್ಡಿನಲ್ಲಿ ಎರಡು ಸಾಲು ಬರೆದುಕೊಡಿ; ಅದನ್ನು ಯಾವ ಕಚೇರಿಗೆ ಒಯ್ಯಬೇಕೆಂದು ನನಗೆ ಗೊತ್ತು.

ತಾವು ಈ ಹುದ್ದೆಯಲ್ಲಿ ಇರಿಸುವಷ್ಟು ದಿನ
ತಮ್ಮ ವಿಶ್ವಾಸಿ,
(ಸಹಿ) ಕಲಾವತಿ
ವಿಭಾಗ ಮುಖ್ಯಸ್ಥೆ

ಮರೆತ ಮಾತು: ಇದನ್ನು ಓದಿದೊಡನೆ ನನ್ನ ಫೋಟೋ ತೆಗೆದುಹಾಕಿಸುವ ಶ್ರಮ ಬೇಡ, ಆ ಪುಟದ ಬಣ್ಣದ ಪ್ರಿಂಟು ವಿಶ್ವವಿದ್ಯಾಲಯದ ಕುಲಸಚಿವರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಹೋಗಿಯಾಗಿದೆ. ಗುರುವಾರ ಬೆಳಿಗ್ಗೆ ನಾನೂ ರಮ್ಯಶ್ರೀಯೂ ಕಾಲೇಜಿಗೆ ಬರುತ್ತೇವೆ. ಅಂದು ಗೋಪೀನಾಥರಿಗೆ ನಾನು ರಜೆ ಮಂಜೂರು ಮಾಡಿಲ್ಲ.