ಸುಂದರವ್ವನವರ ಅತಿವೇಗದ ನಡಿಗೆಯನ್ನು ನಿಯಂತ್ರಿಸುವ ಬಗ್ಗೆ

ಸಂಖ್ಯೆ: ಸಿಬ್ಬಂದಿ/ನಡಿಗೆ/೧೭/೧೯೯೩-೯೪
ಸಿಂದಗಿ, ದಿನಾಂಕ: ೨೬-೪-೧೯೯೩

ವಿಷಯ: ಮಹಿಳಾ ನೌಕರರು ಓಡದೆಯೇ ಮುಂದೆ ಹೋಗುತ್ತಿರುವ ಕುರಿತು.

ಉಲ್ಲೇಖ:
೧. ದ್ವಿತೀಯ ದರ್ಜೆ ಸಹಾಯಕಿ ಕುಮಾರಿ ಸುಂದರವ್ವ ಇವರ ರಜೆ ಅರ್ಜಿ.
೨. ಸದರಿ ಅರ್ಜಿಯ ಮೇಲಿನ ಏಳು ಟಿಪ್ಪಣಿಗಳು.
೩. ಅಧೀಕ್ಷಕರ ಮೌಖಿಕ ಬೇಸರ.

ಪ್ರಸ್ತಾವನೆ:

ಆಲಮೇಲದವರಾದ ಸುಂದರವ್ವ ಇವರು ಪರದೇಶದ ಅಂತರರಾಷ್ಟ್ರೀಯ ಒಳಾಂಗಣ ಕ್ರೀಡಾಕೂಟದಲ್ಲಿ ಮಹಿಳೆಯರ ಮೂರು ಸಾವಿರ ಮೀಟರ್ ವೇಗನಡಿಗೆಗೆ ಆಯ್ಕೆಯಾಗಿದ್ದರು. ಸೂರಿನಡಿ ಅಭ್ಯಾಸ ಮಾಡಲು ತಾಲೂಕಿನಲ್ಲಿ ಬೇರೆ ಸ್ಥಳವಿಲ್ಲದ್ದರಿಂದ, ದಿನಾಲು ಬೆಳಿಗ್ಗೆ ಎಂಟಕ್ಕೇ ಬಂದು ಕಚೇರಿಯ ಪಡಸಾಲೆಯಲ್ಲಿ ನಡೆಯುತ್ತಿದ್ದುದು ಕಂಡುಬಂದಿದೆ.

ಹತ್ತು ದಿನಗಳ ರಜೆ ಕೋರಿದಾಗ ಅಧೀಕ್ಷಕ ಬಸಂತರಾಯರು, "ನಡ್ಯಾಕ ಪರದೇಶಕ್ಕ ಯಾಕ ಹೋಗಬೇಕವಾ? ಬಸ್ ಸ್ಟ್ಯಾಂಡ್ ತನಕಾ ನಡಿ, ಸಾಕು" ಎಂದು ಮಾರ್ಗದರ್ಶನ ಮಾಡಿದರು. ಅದಕ್ಕೆ ಸದರಿಯವರು, "ಅಲ್ಲಿ ಗಡಿಯಾರ ಹಿಡಕೊಂಡು ನೋಡ್ತಾರ್ರಿ ಸಾಹೇಬ್ರ. ಇಲ್ಲಿ ಬರೇ ನೋಡ್ತಾರ" ಎಂದು ಉತ್ತರಿಸಿದರು.

ರಜೆ ನಿರಾಕರಿಸಲಾಯಿತು. ಆಗ ಹಾಜರಿ ಪುಸ್ತಕದ ಮೇಲೆ ಎರಡು ಹನಿ ನೀರು ಬಿದ್ದು ಗುರುವಾರದ ಸಹಿ ಕಲಸಿಹೋಗಿದ್ದು, ಸೂರು ಸೋರಿಲ್ಲವೆಂದು ಖಚಿತಪಡಿಸಿಕೊಳ್ಳಲಾಗಿದೆ. ಮರುದಿನ ಅವರು ಅರ್ಜಿಯನ್ನು ಮೇಜಿನ ಮೇಲೆಯೇ ಬಿಟ್ಟು, "ನೌಕರಿ ಹೋದ್ರ ಹೋಗ್ಲಿ. ಈ ಕಾಲು ಒಮ್ಮೆ ನಿಂತ್ರ ಮತ್ತ ಏಳಾಂಗಿಲ್ಲ" ಎಂದು ಹೊರಟುಹೋದರು. ಸ್ಪರ್ಧೆಯಲ್ಲಿ ಮೂರನೆಯವರಾಗಿ ಬಂದರು.

ಅವರು ಮರಳಿದ ದಿನ ಇಲಾಖೆಯು ಸತ್ಕಾರ ಏರ್ಪಡಿಸಿ, ಬಸಂತರಾಯರಿಗೆ ಹಾರ ಹಾಕಿತು. ಪದಕವನ್ನು ಬಸಂತರಾಯರು ಹಿಡಿದಿರುವ ಫೋಟೊದಲ್ಲಿ, ಸ್ಥಳಾಭಾವದಿಂದಾಗಿ ಸುಂದರವ್ವ ಇವರ ಎಡ ಭುಜ ಮಾತ್ರ ಬಂದಿದೆ. ಆದರೂ ಶಿಸ್ತಿನ ಹಿತದೃಷ್ಟಿಯಿಂದ ಈ ಮೂಲಕ ಸೂಚಿಸಲಾಗಿರುವುದೇನೆಂದರೆ:

೧. ಯಾವ ನೌಕರರೂ ಮೇಲಧಿಕಾರಿಗಿಂತ ವೇಗವಾಗಿ ನಡೆಯತಕ್ಕದ್ದಲ್ಲ. ಮೇಲಧಿಕಾರಿಯು ಕುಳಿತಿದ್ದಲ್ಲಿ, ನಿಲ್ಲತಕ್ಕದ್ದು.

೨. ಸದರಿಯವರು ಸ್ಪರ್ಧೆಯಲ್ಲಿ ಹದಿನೈದು ಸುತ್ತು ನಡೆದು ಹೊರಟ ಗೆರೆಗೇ ಮರಳಿರುವುದರಿಂದ, ಎಲ್ಲಿಗೂ ಹೋಗಿಲ್ಲವೆಂದು ಪರಿಗಣಿಸಲಾಗಿದೆ. ಎಲ್ಲಿಗೂ ಹೋಗದವರು ಹತ್ತು ದಿನ ಕಚೇರಿಗೆ ಏಕೆ ಬರಲಿಲ್ಲವೆಂದು ವಿವರಿಸತಕ್ಕದ್ದು.

೩. ಮೊಣಕಾಲು ಬಾಗಿದ್ದಕ್ಕಾಗಿ ಸ್ಪರ್ಧೆಯ ನಿರ್ಣಾಯಕರು ಒಮ್ಮೆ ಎಚ್ಚರಿಕೆ ನೀಡಿರುತ್ತಾರೆ. ಪರದೇಶದಲ್ಲಿ ಬಾಗಿದ ಮೊಣಕಾಲು ಅಧೀಕ್ಷಕರ ಕೊಠಡಿಯಲ್ಲಿ ಏಕೆ ಬಾಗಲಿಲ್ಲವೆಂಬುದಕ್ಕೆ ಮೂರು ದಿನಗಳೊಳಗೆ ಲಿಖಿತ ಉತ್ತರ ನೀಡತಕ್ಕದ್ದು.

೪. ಒಂದು ಪಾದ ಸದಾ ನೆಲಕ್ಕೆ ತಾಗಿರಬೇಕೆಂಬ ಸ್ಪರ್ಧೆಯ ನಿಯಮವನ್ನು ಇಲಾಖೆ ಸ್ವಾಗತಿಸುತ್ತದೆ. ಇನ್ನು ಮುಂದೆ ಎರಡನೆಯದನ್ನೂ ಊರಿಯೇ ಇರತಕ್ಕದ್ದು.

೫. ಪದಕವು ಇಲಾಖೆಯದು. ಆಕ್ಷೇಪಣೆಗಳು ಮಾತ್ರ ಸದರಿಯವರವು.

೬. ಸದರಿಯವರನ್ನು ಮುದ್ದೇಬಿಹಾಳಕ್ಕೆ ವರ್ಗಾಯಿಸಿದೆ. ಅಲ್ಲಿನ ಕಚೇರಿಗೆ ಪಡಸಾಲೆ ಇಲ್ಲ.

(ಸಹಿ)
ಅಧೀಕ್ಷಕರ ಪರವಾಗಿ
(ಅಧೀಕ್ಷಕರು ಸಹಿ ಮಾಡಲು ನಡೆದು ಬರುತ್ತಿದ್ದಾರೆ)

ಪ್ರತಿಗಳು:

೧. ಇಂಡಿ, ಮುದ್ದೇಬಿಹಾಳ ಹಾಗೂ ಬಸವನಬಾಗೇವಾಡಿ ಕಚೇರಿಗಳಿಗೆ, ಅಲ್ಲಿನ ಮಹಿಳಾ ಸಿಬ್ಬಂದಿಯ ನಡಿಗೆಯನ್ನು ಅಳೆದು ವರದಿ ಸಲ್ಲಿಸಲು.

೨. ಹೂವಿನ ಹಿಪ್ಪರಗಿ ಶಾಖೆಗೆ. ಅಲ್ಲಿ ಯಾರೂ ಎದ್ದು ನಡೆದ ದಾಖಲೆ ಇಲ್ಲದ್ದರಿಂದ, ಮಾಹಿತಿಗಾಗಿ ಮಾತ್ರ.

೩. ಕುಮಾರಿ ಸುಂದರವ್ವ, ಆಲಮೇಲ, ಇವರಿಗೆ.

ಷರಾ (ಮೂರನೆಯ ಪ್ರತಿ ಜಾರಿಯಾಗದೆ ಮರಳಿದ ಬಗ್ಗೆ): ಭಾನುವಾರ ಮುಂಜಾನೆ ಸಿಪಾಯಿ ಗುರುಲಿಂಗಪ್ಪ ಪ್ರತಿಯನ್ನು ಒಯ್ದಾಗ, ಸದರಿಯವರು ಶಾಲೆಯ ಬಯಲಿನಲ್ಲಿ ಏಳು ಹೆಣ್ಣುಮಕ್ಕಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಡೆಯುತ್ತಿದ್ದರು. ಸಿಪಾಯಿಯು ಎರಡು ಸುತ್ತು ಓಡಿದರೂ ಯಾರನ್ನೂ ಹಿಡಿಯಲಾಗಲಿಲ್ಲ. ಸಿಪಾಯಿಯನ್ನು ದಾಟಿ ಹೋಗುತ್ತ ಸದರಿಯವರು, "ಗುರುಲಿಂಗಣ್ಣಾ, ದಮ್ಮು ಹತ್ತೇತಿ ನಿಮಗ. ಬೇವಿನ ಗಿಡದ ನೆರಳಿಗೆ ಕೂಡ್ರಿ. ಈ ಹುಡುಗ್ಯಾರದು ಇನ್ನಾ ಆರು ಸುತ್ತು ಉಳದಾವ" ಎಂದರು.