ಫ್ರೀಜರಿನಲ್ಲಿ ಸೇತುವೆ

ನಮ್ಮ ಮೌಶಿಗೆ ತಲೆ ಕೆಟ್ಟಿದೆ ಎಂದು ಪರದೇಶದ ಈ ಫಾಸ್ಟರ್ ಸಿಟಿಯ ಕನ್ನಡಿಗರೆಲ್ಲ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ತಲೆ ನೆಟ್ಟಗೇ ಇದೆ. ದಾರಿ ತಪ್ಪಿರುವುದು ಅವಳ ಫ್ರೀಜರು ಮಾತ್ರ!

ಮೌಶಿ ಎಂದರೆ ನನ್ನ ಅಮ್ಮನ ತಂಗಿ, ಧಾರವಾಡದವಳು, ಮೆಕ್ಯಾನಿಕಲ್ ಇಂಜಿನಿಯರು. ಚಳಿ ಊರುಗಳಲ್ಲಿ ಸೇತುವೆಯನ್ನು ಎತ್ತಿಹಿಡಿಯುವ ಕೇಬಲ್ಲುಗಳ ಮೇಲೆ ಮಂಜುಗಡ್ಡೆ ಕಟ್ಟುತ್ತದಲ್ಲ, ಆ ಕೇಬಲ್ಲು ಹತ್ತಿ ಅದನ್ನು ಕೆರೆದುಹಾಕುವ ರೋಬೋಟು ಮಾಡಬೇಕೆಂದು ಅವಳ ಹಟ. ಅವಳಿದ್ದ ಕಂಪನಿ ಆ ಕೆಲಸವನ್ನು ಕೈಬಿಟ್ಟಿತು. ಮೌಶಿ ಕಂಪನಿಯನ್ನೇ ಕೈಬಿಟ್ಟಳು. ಸರಿ, ಆದರೆ ಈ ಊರಲ್ಲಿ ಮಂಜುಗಡ್ಡೆ ಎಲ್ಲಿದೆ? ಸ್ವೆಟರು ಹಾಕಿಕೊಂಡರೆ ಅದೇ ನಮ್ಮ ಚಳಿಗಾಲ! ಹಾಗಾಗಿ ಕೇಬಲ್ಲಿನ ಬದಲು ಒದ್ದೆ ಪೈಪುಗಳು ಫ್ರೀಜರಿನ ಒಳಗೆ. ತೆಂಗಿನತುರಿ, ಬಟಾಣಿ ಹೊರಗೆ.

ಗಣೇಶನ ಹಬ್ಬಕ್ಕೆ ಬಂದವರೊಬ್ಬರು ಡಬ್ಬಿ ಹಿಡಿದು ಕಂಗಾಲಾದರು. "ಮೇಡಂ, ಐಸ್‌ಕ್ರೀಮು ಎಲ್ಲಿಡಲಿ?"

"ಹೊಟ್ಟಿಯೊಳಗ ಇಡ್ರಿ, ಲಗೂನ!"

ಹೃದಯದ ಡಾಕ್ಟರೊಬ್ಬರು, ಬೆಂಗಳೂರಿನವರು, ಬುದ್ಧಿ ಹೇಳಲು ಹೋದರು. "ಇಲ್ಲಿ ಸ್ನೋನೇ ಬೀಳಲ್ವಲ್ಲಾ ಆಂಟಿ, ನಿಮಗ್ಯಾಕೆ ಈ ತಲೆನೋವು?"

"ನಿಮಗ ಹಾರ್ಟ್ ಅಟ್ಯಾಕ್ ಆಗ್ಯದೇನ್ರಿ?"

"ಇಲ್ಲ."

"ಮತ್ತ ನಿಮಗ್ಯಾಕ್ರಿ ಮಂದಿ ಹಾರ್ಟಿನ ಉಸಾಬರಿ?"

ಕಳೆದ ಶನಿವಾರ ಒಂದು ಚಳಿ ಊರಿನ ಸೇತುವೆ ಇಂಜಿನಿಯರು ಪರೀಕ್ಷೆ ನೋಡಲು ಬಂದ. ಅವನು ಒಪ್ಪಿದರೆ ರೋಬೋಟಿಗೆ ನಿಜವಾದ ಸೇತುವೆ; ಒಪ್ಪದಿದ್ದರೆ ಗ್ಯಾರೇಜಿನ ಮೂಲೆ. ಹೆಪ್ಪುಗಟ್ಟಿದ ಪೈಪುಗಳನ್ನು ಜೋಡಿಸಿ ಗ್ಯಾರೇಜಿನ ಸೂರಿನವರೆಗೆ ನಿಲ್ಲಿಸಿದೆವು. ರೋಬೋಟು ಮೂರಡಿ ಹತ್ತಿತು, ಧೊಪ್ಪನೆ ಬಿತ್ತು. ನನಗೆ ನಗು ತಡೆಯಲಾಗಲಿಲ್ಲ.

ಮಂಜುಗಡ್ಡೆ ಕಟ್ಟಿದ ದಿನ ಸೇತುವೆ ಮುಚ್ಚಿಬಿಡುತ್ತೇವೆ, ಅಷ್ಟು ಸಾಕು ಎಂದು ಇಂಜಿನಿಯರು ಎದ್ದ. ಮೌಶಿ ಬಾಗಿಲಿಗೆ ಅಡ್ಡ ನಿಂತಳು. ಅವನಿಗೆ ಕನ್ನಡ ಬಾರದು ಎಂಬುದೂ ಸಿಟ್ಟಿನಲ್ಲಿ ಮರೆತುಹೋಗಿತ್ತು. "ಮುಚ್ಚೂದಕಿಂತ ಮೊದಲ ಮಂದಿ ಮ್ಯಾಲ ಐಸ್ ಬಿದ್ದರ? ಆವಾಗ ಯಾರು ಹೊಣಿ? ಕೂಡ್ರಿ!"

ಅವನು ಕೂತ. ಆಗ ಎದ್ದವರು ಮೌಶಿಯ ಗಂಡ, ನಮ್ಮ ಕಾಕಾ. ಹಿಂದೊಮ್ಮೆ ಆ ಇಂಜಿನಿಯರಿನ ಊರಿನಲ್ಲೇ, ಅವತ್ತು ಮುಚ್ಚದಿದ್ದ ಅದೇ ಸೇತುವೆಯ ಮೇಲೆ, ಕೇಬಲ್ಲಿನ ಮಂಜುಗಡ್ಡೆ ಅವರ ಕಾರಿನ ಗಾಜು ಒಡೆದು ಒಳಗೆ ಬಿದ್ದಿತ್ತು. ಕಾರು ಓಡಿಸುತ್ತಿದ್ದವಳು ಮೌಶಿ. ಎರಡೂ ಕಣ್ಣು ಹೋದದ್ದು ಪಕ್ಕದಲ್ಲಿದ್ದ ಕಾಕಾನಿಗೆ. ನಕ್ಕಿದ್ದಕ್ಕೆ ನನಗೆ ತುಂಬ ನಾಚಿಕೆಯಾಯಿತು.

ಕಾಕಾ ಪೈಪನ್ನು ಅಂಗೈಯಿಂದ ತಡವಿದರು. "ಇಲ್ಲಿ ಕರಗೇದ, ಅದಕ್ಕ ಜಾರೇದ." ಕರವಸ್ತ್ರದಿಂದ ಅಲ್ಲಿ ಒರೆಸಿದರು. "ಮತ್ತ ಹತ್ತಸು."

ರೋಬೋಟು ಈ ಸಲ ಸೂರಿನವರೆಗೂ ಹತ್ತಿತು. ಮುಂದಿನ ಚಳಿಗಾಲಕ್ಕೆ ಬರುತ್ತೀರಾ ಎಂದು ಇಂಜಿನಿಯರು ಕೇಳಿದ್ದು ಮೌಶಿಗೆ ಕೇಳಿಸಲೇ ಇಲ್ಲ. ರೋಬೋಟು ಕೆರೆದ ಮಂಜುಗಡ್ಡೆಯ ಚೂರುಗಳು ಒಂದೊಂದಾಗಿ ನೆಲಕ್ಕೆ ಬಿದ್ದು ಒಡೆಯುತ್ತಿದ್ದವು. ಪ್ರತಿ ಸದ್ದಿಗೂ ಕಾಕಾ ಬೆಚ್ಚುತ್ತಿದ್ದರು. ಮೌಶಿ ಅವರ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

"ಅಂಜಬ್ಯಾಡ್ರಿ," ಎಂದಳು. "ಕೆಳಗ ಯಾರೂ ಇಲ್ಲ."